ಲಿಸ್ಪ್ ತಾನಾಗಿ ಲೋಡ್ ಆಗಲು: ಸ್ಟಾರ್ಟಪ್ ಸೂಟಾ, ಅಕ್ಯಾಡ್‌ಡಾಕ್ ಫೈಲಾ?

ಕಾಸರಗೋಡಿನಲ್ಲಿ ಜಾಗದ ಮಾತೆಲ್ಲ ಸೆಂಟ್‌ನಲ್ಲಿ. ಮೀಟರಿನಲ್ಲಿ ಬರೆದ ಡ್ರಾಯಿಂಗ್‌ಗೆ ನಕ್ಷೆ ಬರೆಯುವ ಸಾಫ್ಟ್‌ವೇರ್ ಆಟೊಕ್ಯಾಡ್ ಕೊಡುವುದು ಚದರ ಮೀಟರ್. ಅದನ್ನು 40.47ರಿಂದ ಭಾಗಿಸಿ ಸೆಂಟ್ ಮಾಡುವ ಸಣ್ಣ ಲಿಸ್ಪ್ (ಆಟೊಕ್ಯಾಡ್ ಒಳಗೆ ಓಡುವ ಪ್ರೋಗ್ರಾಂ) ಬರೆದಿಟ್ಟಿದ್ದೇನೆ. ದಿನಾ ಅದನ್ನು ಕೈಯಲ್ಲೇ ಲೋಡ್ ಮಾಡುವುದು ಬೇಜಾರು, ಅಲ್ವಾ?

ಒಂದೇ ಕಂಪ್ಯೂಟರ್ ಇದ್ದರೆ ಸ್ಟಾರ್ಟಪ್ ಸೂಟ್, ಅಂದರೆ ಆಟೊಕ್ಯಾಡ್ ತಾನಾಗಿ ಲೋಡ್ ಮಾಡುವ ಫೈಲುಗಳ ಪಟ್ಟಿ, ಸಾಕು. ಆ್ಯಪ್‌ಲೋಡ್ ಎಂದು ಟೈಪ್ ಮಾಡಿ, ಬ್ರೀಫ್‌ಕೇಸ್ ಚಿತ್ರದ ಕೆಳಗಿನ ಕಂಟೆಂಟ್ಸ್ ಒತ್ತಿ, ಫೈಲ್ ಸೇರಿಸಿ. ಮುಗೀತು. ಆದರೆ ವಿಂಡೋಸ್ ಹೊಸದಾಗಿ ಹಾಕಿಸಿದಾಗ ನನ್ನ ಪಟ್ಟಿ ಪೂರ್ತಿ ಹೋಯ್ತು.

ನಾಲ್ಕು ಜನ ಕೂರುವ ಆಫೀಸಿಗೆ ಅಕ್ಯಾಡ್‌ಡಾಕ್ ಡಾಟ್ ಎಲ್‌ಎಸ್‌ಪಿ ವಾಸಿ. ಪ್ರತಿ ಡ್ರಾಯಿಂಗ್ ತೆರೆದಾಗಲೂ ಅದು ಲೋಡ್ ಆಗುತ್ತದೆ. ಎಲ್ಲರಿಗೂ ಸಿಗುವ ಒಂದು ಫೋಲ್ಡರಿನಲ್ಲಿಟ್ಟು, ಆ ಫೋಲ್ಡರನ್ನು ಆಟೊಕ್ಯಾಡ್ ಸೆಟ್ಟಿಂಗ್‌ನಲ್ಲಿ ಸಪೋರ್ಟ್ ಪಾತ್‌ಗೂ (ಫೈಲ್ ಹುಡುಕುವ ಜಾಗಗಳು) ಟ್ರಸ್ಟೆಡ್ ಲೊಕೇಶನ್‌ಗೂ (ನಂಬುವ ಜಾಗಗಳು) ಸೇರಿಸಿ. ಎರಡನೆಯದು ಮರೆತರೆ ಸುಮ್ನೆ ಎಚ್ಚರಿಕೆ ಮೇಲೆ ಎಚ್ಚರಿಕೆ.

ಆಟೊಕ್ಯಾಡ್‌ನ ಸರಳ ಆವೃತ್ತಿ ಎಲ್‌ಟಿ ಬಳಸುವವರಿಗೆ: 2024ಕ್ಕಿಂತ ಹಳೆಯದರಲ್ಲಿ ಲಿಸ್ಪ್ ಓಡುವುದೇ ಇಲ್ಲ.