ಅಡುಗೆ ಫೋಟೋಗೆ ಮನೆಯಲ್ಲೇ ಮಾಡಿದ ಮರದ ಹಲಗೆಗಳು: ಕೆಲವು ಮಳೆಗಾಲ ಕಳೆದ ಮೇಲಿನ ವಿಮರ್ಶೆ

ಅಡುಗೆಯ ಫೋಟೋ ತೆಗೆಯುವಾಗ ತಟ್ಟೆಯ ಅಡಿಗೋ ಹಿಂದೆಯೋ ಇಡುವ ಹಲಗೆ, ಮಾಡಿ ಮುಗಿಸಿದ ದಿನ ಯಾವುದಾದರೂ ಚೆನ್ನಾಗಿಯೇ ಕಾಣುತ್ತದೆ. ಅದರ ನಿಜವಾದ ಗುಣ ಗೊತ್ತಾಗುವುದು ಒಂದೆರಡು ಮಳೆಗಾಲ ಕಳೆದು, ಮೇಲೆ ಸಾಂಬಾರು, ತುಪ್ಪ, ಕಾಫಿ ಎಲ್ಲ ಚೆಲ್ಲಿ, ಒರೆಸಿ, ಮತ್ತೆ ಚೆಲ್ಲಿದ ಮೇಲೆ. ಪೈನ್, ಸಿಲ್ವರ್ ಓಕ್, ಹಳೇ ತೇಗ, ಬಣ್ಣ ಹೊಡೆದ ಪ್ಲೈವುಡ್ ಮತ್ತು ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಹೀಗೆ ಹಲವು ಬಗೆಯ ಹಲಗೆಗಳನ್ನು ಬಳಸಿದ ಮೇಲಿನ ತೀರ್ಪು ಇಷ್ಟು: 9 ಮಿ.ಮೀ ಪ್ಲೈವುಡ್ ಮೇಲೆ ಪೈನ್ ಪಟ್ಟಿ ಕೂರಿಸಿ, ನೀರಿನ ಆಧಾರದ ಮ್ಯಾಟ್ ಪಿಯು (ಹೊಳಪಿಲ್ಲದ ಪಾಲಿಯುರೆಥೇನ್ ವಾರ್ನಿಷ್) ಹೊಡೆದ ಹಲಗೆಯೇ ಹೆಚ್ಚು ಕಾಲ ಕೆಲಸಕ್ಕೆ ಬರುತ್ತದೆ. ಹಾಳಾದವುಗಳಲ್ಲಿ ಹೆಚ್ಚಿನವು ಎರಡೇ ಕಾರಣಕ್ಕೆ ಮೂಲೆ ಸೇರುತ್ತವೆ: ಒಂದೋ ಬಾಗುತ್ತವೆ, ಇಲ್ಲವೇ ಹೊಳೆಯುತ್ತವೆ.

ಮೊದಲು ಅಳತೆ. 2 ಅಡಿಗೆ 3 ಅಡಿ ಸಾಕು. ಮೇಲಿನಿಂದ ನೇರ ತೆಗೆಯುವಾಗ ಫುಲ್ ಫ್ರೇಮ್ (ದೊಡ್ಡ ಸೆನ್ಸರ್‌ನ) ಕ್ಯಾಮೆರಾದಲ್ಲಿ 50 ಮಿ.ಮೀ ಲೆನ್ಸ್ ಇಟ್ಟು ಈ ಹಲಗೆಯನ್ನು ಪೂರ್ತಿ ಫ್ರೇಮಿಗೆ ತರಲು ಸುಮಾರು 1.3 ಮೀಟರ್ ಎತ್ತರ ಬೇಕು. ಎಪಿಎಸ್-ಸಿ (ಅದಕ್ಕಿಂತ ಚಿಕ್ಕ ಸೆನ್ಸರ್‌ನ ಕ್ಯಾಮೆರಾ) ಆದರೆ ಎರಡು ಮೀಟರ್ ಹತ್ತಿರ. ಒಂದು ತಟ್ಟೆ, ಎರಡು ಬಟ್ಟಲಿನ ಚಿತ್ರಕ್ಕೆ ಇಷ್ಟು ಜಾಗ ಧಾರಾಳ. ಓರೆಯಾಗಿ ತೆಗೆಯುವಾಗ ಮಾತ್ರ ಹಿಂದಿನ ಅಂಚು ಕಾಣಿಸಿಕೊಳ್ಳುತ್ತದೆ. ಅದಕ್ಕೆ ಹಲಗೆಯನ್ನು ದೊಡ್ಡದು ಮಾಡಬೇಡಿ, ಇನ್ನೊಂದನ್ನು ಹಿಂದೆ ನಿಲ್ಲಿಸಿ. ಪಟ್ಟಿಯ ಅಗಲ ಮೂರರಿಂದ ನಾಲ್ಕು ಇಂಚು ಇರಲಿ. ಆರು ಇಂಚಾದರೆ ಊಟವನ್ನು ನೆಲದ ಮೇಲೆ ಇಟ್ಟಂತೆ ಕಾಣುತ್ತದೆ. ಎರಡು ಇಂಚಾದರೆ ಕಣ್ಣು ತಟ್ಟೆಯನ್ನು ಬಿಟ್ಟು ಗೆರೆಗಳ ಹಿಂದೆ ಹೋಗುತ್ತದೆ.

ಪೈನ್ ಸಿಗುವುದು ಪ್ಯಾಲೆಟ್‌ಗಳಿಂದ, ಅಂದರೆ ಸರಕು ಹೇರಿ ಸಾಗಿಸುವ ಮರದ ಅಡಿಹಲಗೆಗಳಿಂದ. ಬೆಂಗಳೂರಿನಲ್ಲಿ ಪೀಣ್ಯದ ಕಡೆ ಒಡೆದ ಪ್ಯಾಲೆಟ್‌ಗಳಿಗೆ ಬರವಿಲ್ಲ. ಬಿಡಿ ಹಲಗೆ ಬೇಕಾದವರು ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಕಡೆ ನೋಡಬಹುದು. ವಿದೇಶದಿಂದ ಬಂದ ಪ್ಯಾಲೆಟ್ ಮೇಲೆ ಗೋಧಿ ತೆನೆಯ ಮುದ್ರೆ ಇರುತ್ತದೆ. ಅದರ ಪಕ್ಕ ‘ಎಚ್‌ಟಿ’ ಎಂದಿದ್ದರೆ ಕಾಯಿಸಿ ಸಂಸ್ಕರಿಸಿದ್ದು, ತೆಗೆದುಕೊಳ್ಳಿ. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಕಾರಿ ಕೀಟನಾಶಕದ ಹೊಗೆ ಹಾಕಿದ್ದು, ಬಿಡಿ. ಎಣ್ಣೆಯೋ ರಾಸಾಯನಿಕವೋ ಚೆಲ್ಲಿದ ಕಲೆ ಇದ್ದರೆ ಮುದ್ರೆ ಏನೇ ಹೇಳಲಿ, ಅಡುಗೆ ಚಿತ್ರಕ್ಕೆ ಬೇಡ.

ಕಾಫಿ ತೋಟದ ಸಿಲ್ವರ್ ಓಕ್ ಅಗ್ಗ, ಹಗುರ, ಕೆಲವು ಹಲಗೆಗಳಲ್ಲಿ ಜಾಲರಿಯಂಥ ಚುಕ್ಕೆ ವಿನ್ಯಾಸವೂ ಸೊಗಸು. ಆದರೆ ಸರಿಯಾಗಿ ಒಣಗದ ಮಾಲು ಬಂದರೆ ಬೇಗ ತಿರುಚಿಕೊಳ್ಳುತ್ತದೆ. ಹಲಸು ಮೊದಲು ಹಳದಿ, ಬೆಳಕು ಕಂಡಂತೆ ಕಂದಾಗುತ್ತದೆ. ಇವತ್ತಿನ ಚಿತ್ರಕ್ಕೂ ವರ್ಷದ ನಂತರದ ಚಿತ್ರಕ್ಕೂ ಹೊಂದುವುದಿಲ್ಲ. ಹಳೇ ಬಾಗಿಲಿನ ತೇಗದ ಮೇಲೆ ಎಲ್ಲರಿಗೂ ಆಸೆ. ಅದು ಅಲುಗಾಡದ ಮರ, ನಿಜ. ಆದರೆ ಅದರ ಕಿತ್ತಳೆ ಛಾಯೆ ಇಡ್ಲಿಯ ಪಕ್ಕಕ್ಕೂ ಬಿಳಿ ಪಿಂಗಾಣಿಯ ಅಡಿಗೂ ಬಡಿಯುತ್ತದೆ, ವೈಟ್ ಬ್ಯಾಲೆನ್ಸ್ (ಕ್ಯಾಮೆರಾದ ಬಣ್ಣದ ಹೊಂದಾಣಿಕೆ) ತಿದ್ದಿದರೂ ಪೂರ್ತಿ ಹೋಗುವುದಿಲ್ಲ. ಹಳೇ ಬಣ್ಣದ ಪದರ ಇದ್ದರೆ ಇನ್ನೊಂದು ಎಚ್ಚರ: ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಬೇಡಿ.

ಇನ್ನು ಜೋಡಣೆ. ಸೋಲುವುದು ಬಹುಪಾಲು ಇಲ್ಲೇ. ಮರ ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕೆ ಬರುವಷ್ಟಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. 90 ಮಿ.ಮೀ ಅಗಲದ ಪೈನ್ ಪಟ್ಟಿ ಬೇಸಿಗೆಗೂ ಮಳೆಗಾಲಕ್ಕೂ ಸುಮಾರು ಒಂದು ಮಿ.ಮೀ ವ್ಯತ್ಯಾಸ ತೋರಿಸುತ್ತದೆ. ಕರಾವಳಿಯಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಆರು ಪಟ್ಟಿ ಸೇರಿದರೆ ಆರು ಮಿ.ಮೀ ಆಯಿತು. ಬಡಗಿಗೆ ಹೇಳಿದರೆ ಅಭ್ಯಾಸದಂತೆ ಇಡೀ ಪ್ಲೈಗೆ ಫೆವಿಕಾಲ್ ಬಳಿದು, ಪಟ್ಟಿಗಳನ್ನು ಒಂದಕ್ಕೊಂದು ಒತ್ತಿ ಕೂರಿಸುತ್ತಾರೆ. ಜುಲೈ ಬಂದಾಗ ಪಟ್ಟಿಗಳಿಗೆ ಹಿಗ್ಗಲು ಜಾಗವಿಲ್ಲ, ಪ್ಲೈ ಹಿಗ್ಗುವುದಿಲ್ಲ, ಇಡೀ ಹಲಗೆ ಬೆನ್ನು ಉಬ್ಬಿಸಿಕೊಂಡು ಕೂರುತ್ತದೆ.

ಸರಿಯಾದ ಕ್ರಮ ಹೀಗೆ. ಪ್ಲೈ 9 ಮಿ.ಮೀ ಇರಲಿ, ಬಿಡಬ್ಲ್ಯುಆರ್ ದರ್ಜೆಯದ್ದು (ಕುದಿವ ನೀರನ್ನೂ ತಡೆಯುವಂಥದ್ದು). ಎಂಆರ್ ದರ್ಜೆ (ತೇವ ಮಾತ್ರ ತಡೆಯುವಂಥದ್ದು) ಒದ್ದೆ ಬಟ್ಟೆಯ ಒರೆಸಾಟಕ್ಕೆ ಅಂಚಿನಲ್ಲಿ ಬಿಚ್ಚಿಕೊಳ್ಳುತ್ತದೆ. ಪಟ್ಟಿ ಕೂರಿಸುವ ಮೊದಲು ಪ್ಲೈಗೆ ಕಪ್ಪು ಬಣ್ಣ ಹೊಡೆಯಿರಿ, ಇಲ್ಲವಾದರೆ ಸಂದುಗಳಲ್ಲಿ ಬಿಳಿಚಿದ ಗೆರೆ ಇಣುಕುತ್ತದೆ. ಪ್ರತಿ ಪಟ್ಟಿಯ ಬೆನ್ನಿಗೆ ನಟ್ಟನಡುವೆ ಬೆರಳಗಲದ ಒಂದೇ ಗೆರೆ ಫೆವಿಕಾಲ್, ಅದೇ ಗೆರೆಯ ಮೇಲೆ ಪ್ಲೈ ಹಿಂದಿನಿಂದ ನಾಲ್ಕು ಸ್ಕ್ರೂ. ಅಂಚುಗಳು ಎರಡೂ ಕಡೆ ಸ್ವತಂತ್ರವಾಗಿ ಸರಿದಾಡಲಿ. 18 ಮಿ.ಮೀ ಪಟ್ಟಿಗೆ 19 ಮಿ.ಮೀ ಸ್ಕ್ರೂ ಸರಿಹೋಗುತ್ತದೆ: ಪ್ಲೈ ದಾಟಿ 10 ಮಿ.ಮೀ ಕಚ್ಚುತ್ತದೆ, ಮೇಲೆ ತೂರಿ ಬರುವುದಿಲ್ಲ. ಬೇಸಿಗೆಯಲ್ಲಿ ಮಾಡುತ್ತಿದ್ದರೆ ಪಟ್ಟಿಗಳ ನಡುವೆ ಒಂದೂವರೆ ಮಿ.ಮೀ ಸಂದು ಬಿಡಿ. ಮಳೆಗಾಲದಲ್ಲಾದರೆ ಅರ್ಧ ಮಿ.ಮೀ ಸಾಕು, ಆಮೇಲೆ ಅದೇ ಅಗಲವಾಗುತ್ತದೆ. ಎರಡು ಮಿ.ಮೀ ದಾಟಿಸಬೇಡಿ. ಒಗ್ಗರಣೆಯ ಸಾಸಿವೆ ಅದರಲ್ಲಿ ಸೇರಿಕೊಂಡರೆ ಸೂಜಿಯಿಂದ ಕೀಳಬೇಕಾಗುತ್ತದೆ.

ತೂಕವನ್ನೂ ಮೊದಲೇ ಲೆಕ್ಕ ಹಾಕಿಕೊಳ್ಳಿ. 18 ಮಿ.ಮೀ ಪೈನ್, 9 ಮಿ.ಮೀ ಪ್ಲೈ ಸೇರಿ ಸುಮಾರು ಎಂಟು ಕೆಜಿ. ಕಿಟಕಿಯಿಂದ ಕಿಟಕಿಗೆ ಹೊತ್ತು ತಿರುಗುವವರಿಗೆ ಇದು ಭಾರವೇ. ಸಾ ಮಿಲ್‌ನಲ್ಲಿ ಪಟ್ಟಿಯನ್ನು ಅರ್ಧಕ್ಕೆ ಸೀಳಿಸಿದರೆ 8 ಮಿ.ಮೀ ಉಳಿದು, ಒಟ್ಟು ತೂಕ ಐದೂವರೆ ಕೆಜಿಗೆ ಇಳಿಯುತ್ತದೆ. ಆಗ ಸ್ಕ್ರೂ 13 ಮಿ.ಮೀ. ಮೊಳೆ ಒಂದೂ ಉಳಿಯದಂತೆ ಕಿತ್ತು ಕೊಡಿ, ಗರಗಸದ ಹಲ್ಲು ಹೋದರೆ ಮುಂದಿನ ಸಲ ಅವರು ಪ್ಯಾಲೆಟ್ ಮರವನ್ನು ಮುಟ್ಟುವುದೇ ಇಲ್ಲ. ಸೀಳಿದ ಪಟ್ಟಿಗಳ ನಡುವೆ ಕಡ್ಡಿ ಇಟ್ಟು, ಮೇಲೆ ಭಾರ ಹೇರಿ, ಒಂದು ವಾರ ನೆರಳಲ್ಲಿ ಒಣಗಿಸದೆ ಜೋಡಿಸಬೇಡಿ.

ಹಳತರ ರೂಪ ಬರಿಸಲು ಡ್ರಿಲ್‌ಗೆ ವೈರ್ ಬ್ರಷ್ ಹಾಕಿ ಎಳೆಯ ದಿಕ್ಕಿನಲ್ಲೇ ಉಜ್ಜಿದರೆ ಪೈನ್‌ನ ಮೆತ್ತನೆಯ ಭಾಗ ಸವೆದು ಗಟ್ಟಿ ಗೆರೆಗಳು ಎದ್ದು ನಿಲ್ಲುತ್ತವೆ. ಸಿಲ್ವರ್ ಓಕ್‌ನಲ್ಲಿ ಇದು ಅಷ್ಟಾಗಿ ಬರುವುದಿಲ್ಲ. ಉಕ್ಕಿನ ಬ್ರಷ್‌ನ ತುಂಡು ತಂತಿಗಳು ಎಳೆಯಲ್ಲಿ ಉಳಿದರೆ ಮುಂದೆ ತುಕ್ಕಿನ ಕಲೆ ಕಟ್ಟುತ್ತವೆ, ಆದ್ದರಿಂದ ಹಿತ್ತಾಳೆಯದ್ದೇ ಮೇಲು. ಕೊನೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಎದ್ದ ಸಿಬುರನ್ನು 220 ನಂಬರ್ ಉಜ್ಜು ಕಾಗದದಿಂದ ಹಗುರಾಗಿ ತೆಗೆಯಿರಿ.

ಬಣ್ಣಕ್ಕೆ ಅಂಗಡಿಯ ಸ್ಟೇನ್‌ಗಿಂತ ಅಳಲೆಕಾಯಿ ಮತ್ತು ಕಬ್ಬಿಣದ ಜೋಡಿ ಎಷ್ಟೋ ಉತ್ತಮ. ಬಟ್ಟೆಗೆ ಕಪ್ಪು ಬಣ್ಣ ಹಾಕುವವರ ಹಳೇ ಸೂತ್ರವೇ ಇದು. ಅರ್ಧ ಲೀಟರ್ ಬಿಸಿ ನೀರಿಗೆ ಎರಡು ದೊಡ್ಡ ಚಮಚ ಅಳಲೆಕಾಯಿ ಪುಡಿ, ರಾತ್ರಿಯಿಡೀ ನೆನೆಸಿ ಬಟ್ಟೆಯಲ್ಲಿ ಸೋಸಿ. ಇನ್ನೊಂದು ಸೀಸೆಯಲ್ಲಿ ಅರ್ಧ ಲೀಟರ್ ಬಿಳಿ ವಿನೆಗರ್‌ಗೆ ಒಂದು ಹಿಡಿ ಸ್ಟೀಲ್ ವುಲ್, ಎರಡು ಮೂರು ದಿನ. ಪಾತ್ರೆ ತಿಕ್ಕುವ ಸ್ಟೇನ್‌ಲೆಸ್ ಸ್ಕ್ರಬ್ಬರ್ ಕರಗುವುದಿಲ್ಲ. ಹಾರ್ಡ್‌ವೇರ್ ಅಂಗಡಿಯ ವುಲ್ ಬೇಕು, ಅದನ್ನೂ ಮೊದಲು ಸೋಪಿನಲ್ಲಿ ತೊಳೆದು ಎಣ್ಣೆ ಬಿಡಿಸಬೇಕು. ಮುಚ್ಚಳವನ್ನು ಬಿಗಿಯಬೇಡಿ, ಒಳಗೆ ಹೈಡ್ರೋಜನ್ ಹುಟ್ಟುತ್ತದೆ. ಮೊದಲು ಅಳಲೆ ನೀರು ಬಳಿದು ಒಣಗಿಸಿ, ಆಮೇಲೆ ಕಬ್ಬಿಣದ ನೀರು. ಕಣ್ಣೆದುರೇ ಬೂದು, ಆಮೇಲೆ ಕಪ್ಪು. ತಿಳಿ ಬೂದು ಬೇಕಿದ್ದರೆ ಒಂದು ಪಾಲು ಕಬ್ಬಿಣದ ನೀರಿಗೆ ಮೂರು ಪಾಲು ನೀರು ಬೆರೆಸಿ. ಅಳಲೆ ಹಚ್ಚಿದ ಬ್ರಷ್ಷನ್ನು ಕಬ್ಬಿಣದ ಸೀಸೆಗೆ ಅದ್ದಿದರೆ ಸೀಸೆಯೇ ಶಾಯಿಯಾಗುತ್ತದೆ. ತೇಗದಂಥ ಮರದಲ್ಲಿ ಟ್ಯಾನಿನ್ (ಕಬ್ಬಿಣದ ಜೊತೆ ಸೇರಿ ಕಪ್ಪಾಗುವ, ಅಳಲೆಯಲ್ಲೂ ಇರುವ ಒಗರು ಅಂಶ) ತಾನಾಗಿಯೇ ಇರುವುದರಿಂದ ಕಬ್ಬಿಣದ ನೀರನ್ನು ಮೊದಲು ಹಿಂಬದಿಯ ಮೂಲೆಯಲ್ಲಿ ಪರೀಕ್ಷಿಸಿ.

ಮೇಲ್ಪದರದ ಬಗ್ಗೆ ಹಟ ಹಿಡಿಯಲೇಬೇಕು. ಬಡಗಿಗೂ ಪಾಲಿಶ್ ಕೆಲಸದವರಿಗೂ ಹೊಳಪೇ ಮರ್ಯಾದೆ; ಕ್ಯಾಮೆರಾಗೆ ಅದೇ ಶತ್ರು. ಕಿಟಕಿ ಬೆಳಕು ಎದುರಿನಿಂದ ಬಂದಾಗ ಹೊಳಪಿನ ಹಲಗೆ ಬಿಳಿ ಹಾಳೆಯಾಗಿಬಿಡುತ್ತದೆ. ಪೋಲರೈಸರ್ (ಪ್ರತಿಫಲನ ತಗ್ಗಿಸಲು ಲೆನ್ಸ್‌ಗೆ ಹಾಕುವ ಫಿಲ್ಟರ್) ಸ್ವಲ್ಪ ತಗ್ಗಿಸುತ್ತದೆ, ಎಲ್ಲ ಕೋನಗಳಲ್ಲಿ ಅಲ್ಲ. ನೀರಿನ ಆಧಾರದ ಮ್ಯಾಟ್ ಪಿಯು, ತೆಳ್ಳಗೆ ಎರಡೇ ಕೋಟು. ಡಬ್ಬಿಯ ತಳದಲ್ಲಿ ಮ್ಯಾಟ್ ಮಾಡುವ ಪುಡಿ ಕೂತಿರುತ್ತದೆ. ಕೋಲಿನಿಂದ ತಳ ಕೆದಕಿ ಕಲಸದಿದ್ದರೆ ಮ್ಯಾಟ್ ಎಂದು ಬರೆದ ಡಬ್ಬಿಯೇ ಹೊಳೆಯುತ್ತದೆ. ಹಿಂಬದಿಗೂ ಒಂದು ಕೋಟು ಕೊಡಿ, ಒಂದೇ ಮುಖ ತೇವ ಹೀರಿದರೆ ಬಾಗುವಿಕೆ ಅಲ್ಲಿಂದಲೇ ಶುರು. ಜೇನುಮೇಣ ನೋಡಲು ಚಂದ, ಆದರೆ ಬಿಸಿ ಲೋಟ ಇಟ್ಟ ಕಡೆ ಬಿಳಿ ಉಂಗುರ ಬೀಳುತ್ತದೆ. ಅಗಸೆ ಎಣ್ಣೆ ಕಾಲ ಕಳೆದಂತೆ ಹಳದಿಗೆ ತಿರುಗುತ್ತದೆ. ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಹೊತ್ತಿಕೊಳ್ಳುವ ಅಪಾಯವೂ ಇದೆ.

ಬಳಕೆಯಲ್ಲಿ ಪಿಯು ಪದರ ಕಾಫಿ, ಚಟ್ನಿ ಎರಡನ್ನೂ ತಡೆಯುತ್ತದೆ, ಕೂಡಲೇ ಒರೆಸಿದರೆ. ಅರಿಶಿನ ಹಿಡಿದರೂ ಹೆದರಬೇಕಿಲ್ಲ, ಬಿಸಿಲಿಗಿಟ್ಟರೆ ಮಾಸುತ್ತದೆ. ಪಿಯು ಇಲ್ಲದ ಮರಕ್ಕೆ ತುಪ್ಪ ಇಳಿದರೆ ಮಾತ್ರ ಆ ಕಪ್ಪು ಕಲೆ ಹೋಗುವುದಿಲ್ಲ. ಮೈಸೂರ್ ಪಾಕ್, ಚಿತ್ರಾನ್ನಕ್ಕೆ ನೀಲಿ ಛಾಯೆಯ ಬೂದು ಹಲಗೆ ಒಳ್ಳೇದು; ರಾಗಿ ಮುದ್ದೆ ಕಪ್ಪು ಹಲಗೆಯಲ್ಲಿ ಕರಗಿಹೋಗುತ್ತದೆ, ಸುಣ್ಣ ಬಳಿದಂಥ ಬಿಳಿ ಬೇಕು. ಮರ ಯಾವುದೇ ಇರಲಿ, ತಿನ್ನುವುದನ್ನು ನೇರ ಮೇಲಿಡಬೇಡಿ, ಕೆಳಗೆ ಎಲೆಯೋ ಬೆಣ್ಣೆ ಕಾಗದವೋ ಇರಲಿ.

ಮುದ್ರಿತ ವಿನೈಲ್ ಹಗುರ, ಸುರುಳಿ ಸುತ್ತಿಡಬಹುದು, ಪ್ರಯಾಣಕ್ಕೆ ಅದೇ ಸರಿ. ಹತ್ತಿರದಿಂದ ಓರೆಯಾಗಿ ತೆಗೆದಾಗ ಮಾತ್ರ ಬಣ್ಣ ಬಯಲಾಗುತ್ತದೆ: ಸಂದಿನಲ್ಲಿ ನೆರಳಿಲ್ಲ, ಬೆಳಕು ಎಡದಿಂದ ಬಂದರೂ ಮುದ್ರಿತ ಗಂಟಿನ ನೆರಳು ಇನ್ನೆಲ್ಲೋ ಬಿದ್ದಿರುತ್ತದೆ. ಎಂಡಿಎಫ್ ನಯವಾದ ಬಣ್ಣಕ್ಕೆ ಚೆನ್ನ, ಆದರೆ ಅಂಚಿಗೆ ನೀರು ತಾಗಿದರೆ ಉಬ್ಬಿ ಮತ್ತೆ ಇಳಿಯುವುದಿಲ್ಲ.

ಇಡುವಾಗ ಗೋಡೆಗೆ ಒರಗಿಸಬೇಡಿ. ಮಟ್ಟಸವಾಗಿ ಮಲಗಿಸಿ, ಇಲ್ಲವೇ ನೇರ ನೇತುಹಾಕಿ. ವರ್ಷಕ್ಕೊಮ್ಮೆ ಹಿಂಬದಿ ತಿರುಗಿಸಿ ನೋಡಿ. ಸಣ್ಣ ರಂಧ್ರ, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಕುಟ್ಟೆ ಹಿಡಿದಿದೆ ಎಂದರ್ಥ; ರಬ್ಬರ್ ಮರದಲ್ಲಿ ಇದು ಹೆಚ್ಚು. ಪುಡಿ ಒರೆಸಿ, ರಂಧ್ರದ ಸುತ್ತ ಪೆನ್ಸಿಲ್ ಗುರುತು ಹಾಕಿ, ಎರಡು ವಾರ ಬಿಟ್ಟು ನೋಡಿ. ಹೊಸ ಪುಡಿ ಇಲ್ಲವೆಂದರೆ ಹಳೇ ಗಾಯ, ಬಿಟ್ಟುಬಿಡಿ. ಇದ್ದರೆ ಆ ಹಲಗೆಯನ್ನು ಬೇರೆಯವುಗಳ ಜೊತೆ ಇಡದೆ, ಕುಟ್ಟೆ ಹುಳುವಿನ (ಬೋರರ್) ಔಷಧಿಯನ್ನು ಸಿರಿಂಜಿನಿಂದ ರಂಧ್ರಗಳಿಗೆ ತುಂಬಿ, ಚೆನ್ನಾಗಿ ಒಣಗಿದ ಮೇಲೆ ಮೇಣದಿಂದ ಮುಚ್ಚಿ. ಅಲ್ಲಿಂದಾಚೆ ಅದನ್ನು ನೆಲಕ್ಕೆ ಹಾಸದೆ, ಹಿಂದೆ ನಿಲ್ಲಿಸಲು ಮಾತ್ರ ಬಳಸಿ.