ದಿನಕ್ಕೊಂದು ವಚನದ ಕ್ಯಾಲೆಂಡರ್: ಅಕ್ಷರ ಚೆನ್ನಾಗಿದೆ, ಆಯ್ಕೆ ಬಗ್ಗೆ ತಕರಾರಿದೆ

ಹಾಸನದಲ್ಲಿ ಭಾನುವಾರದ ಆರಾಧನೆ ಮುಗಿದ ಮೇಲೆ ಚರ್ಚ್ ಗೇಟಿನ ಹತ್ತಿರ ಪುಸ್ತಕದ ಮೇಜು ಹಾಕ್ತಾರಲ್ಲ, ಅಲ್ಲಿ ತೆಗೆದುಕೊಂಡಿದ್ದು. ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್, ಪ್ರತಿ ಹಾಳೆಯಲ್ಲೂ ಸತ್ಯವೇದದಿಂದ, ಅಂದರೆ ಬೈಬಲಿನಿಂದ, ಆರಿಸಿದ ಒಂದು ವಾಗ್ದಾನದ ವಚನ, ದೇವರು ಕೊಟ್ಟ ಭರವಸೆಯ ಮಾತು. 150 ರೂಪಾಯಿ. ಪ್ರಕಾಶಕರ ಹೆಸರು ಬೇಡ, ಇಂಥವು ಬೇಕಾದಷ್ಟು ಬರುತ್ತವೆ, ನನ್ನ ದೂರು ಹೆಚ್ಚುಕಡಿಮೆ ಎಲ್ಲಕ್ಕೂ ಸಲ್ಲುತ್ತದೆ.

ಮೊದಲು ಒಳ್ಳೆಯದು ಹೇಳಿಬಿಡ್ತೀನಿ. ಅಕ್ಷರ ದಪ್ಪ, ಕಪ್ಪು, ಕಣ್ಣಿಗೆ ಹಿತ. ಅಮ್ಮ ಲಕ್ವ ಹೊಡೆದು ಮಲಗಿದ್ದಾರೆ, ಕನ್ನಡಕ ಇಲ್ಲದೇ ಓದುತ್ತಾರೆ. ಬಲಗೈ ಏಳುವುದಿಲ್ಲ. ಮಂಚದ ಪಕ್ಕದ ಗೋಡೆಗೆ ನೇತುಹಾಕಿದ್ದೇವೆ, ಬೆಳಿಗ್ಗೆ ಎಡಗೈಯಲ್ಲೇ ಹಾಳೆಯ ಮೂಲೆ ಹಿಡಿದು ಎಳೆಯುತ್ತಾರೆ, ನೀಟಾಗಿ ಬರುತ್ತದೆ, ಅರ್ಧಕ್ಕೆ ಹರಿಯುವುದಿಲ್ಲ. ಇದು ಸಣ್ಣ ವಿಷಯ ಅಲ್ಲ. ಹಾಲಿನ ಲೆಕ್ಕ ಬರೆಯಲು ಮಾತ್ರ ಜಾಗ ಇಲ್ಲ, ಅದಕ್ಕೆ ಬೇರೆ ಕ್ಯಾಲೆಂಡರ್ ಬೇಕು.

ಇನ್ನು ವಚನಗಳು. ಯೆರೆಮೀಯ ಪ್ರವಾದಿಯ ಪುಸ್ತಕದ 29:11, ಅಂದರೆ 29ನೇ ಅಧ್ಯಾಯದ 11ನೇ ವಚನ, ಇದ್ದೇ ಇರುತ್ತದೆ, ಹಿಂದೆ ಸೂರ್ಯೋದಯದ ಚಿತ್ರ. ದೇವರು ನಿಮಗೆ ಒಳ್ಳೆಯದನ್ನೇ ಯೋಚಿಸಿದ್ದಾನೆ, ಮುಂದೆ ಒಳ್ಳೆಯ ದಿನ ಇದೆ ಅನ್ನುವ ಮಾತು. ಅಮ್ಮ ಓದಿ, "ಇದ್ರ ಹಿಂದಿನದು ಓದು" ಅಂದರು. ಹಿಂದಿನದು ಹತ್ತನೇ ವಚನ, ಅದರಲ್ಲಿ 70 ವರ್ಷ ಕಳೆದ ಮೇಲೇ ನಿಮ್ಮನ್ನು ಊರಿಗೆ ಕರೆತರುತ್ತೇನೆ ಅಂತಿದೆ. ಯೆರೂಸಲೇಮಿನಿಂದ ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆ ಹೋದವರಿಗೆ ಯೆರೆಮೀಯ ಬರೆದ ಕಾಗದ ಅದು. ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ನಿಮ್ಮನ್ನು ಹಿಡಿದುಕೊಂಡು ಹೋದ ಆ ಊರಿಗಾಗಿಯೇ ಪ್ರಾರ್ಥನೆ ಮಾಡಿ ಅಂತ ಹೇಳಿ, ಆಮೇಲೆ ಬರುತ್ತದೆ ಹನ್ನೊಂದನೇ ವಚನ. ಕಾಗದ ಕೇಳಿಸಿಕೊಂಡ ವಯಸ್ಸಾದವರು ಊರಿಗೆ ವಾಪಸ್ ಬರುವ ಹಾಗಿರಲಿಲ್ಲ. ಹಿಂದಿನ ಅಧ್ಯಾಯದಲ್ಲಿ ಹನನ್ಯ ಅಂತ ಒಬ್ಬ ಪ್ರವಾದಿ ಬರುತ್ತಾನೆ, ಎರಡೇ ವರ್ಷದಲ್ಲಿ ಎಲ್ಲಾ ಸರಿಹೋಗುತ್ತೆ ಅಂದವನು. ಅವನು ಹೇಳಿದ್ದು ಸುಳ್ಳು ಅಂತ ಯೆರೆಮೀಯ ಮುಖಕ್ಕೇ ಹೇಳುತ್ತಾನೆ. ಈ ಕ್ಯಾಲೆಂಡರ್ ಯೆರೆಮೀಯನ ಹೆಸರು ಹಾಕಿ ಹನನ್ಯನ ಮಾತು ಹೇಳುತ್ತಿದೆ ಅನ್ನಿಸಿತು ನನಗೆ. ಪಾಯಸದಿಂದ ಬರೀ ಗೋಡಂಬಿ ಆರಿಸಿ ಬಡಿಸಿದ ಹಾಗೆ.

ಹಬಕ್ಕೂಕ ಅನ್ನುವ ಇನ್ನೊಬ್ಬ ಪ್ರವಾದಿಯ ಪುಸ್ತಕದ್ದೂ ಅದೇ ಕಥೆ. 3:18 ಮಾತ್ರ ಹಾಕಿದ್ದಾರೆ, ಕರ್ತನಲ್ಲಿ ಸಂತೋಷಪಡುತ್ತೇನೆ ಅನ್ನುವುದು. ಅದರ ಮೇಲಿನ ವಚನ ಎಲ್ಲಿ ಹೋಯ್ತು? ಅಂಜೂರ ಚಿಗುರಲಿಲ್ಲ, ದ್ರಾಕ್ಷಿ ಬಿಡಲಿಲ್ಲ, ಹೊಲದಲ್ಲಿ ಬೆಳೆ ಇಲ್ಲ, ಹಟ್ಟಿಯಲ್ಲಿ ಕುರಿ ಇಲ್ಲ, ಕೊಟ್ಟಿಗೆಯಲ್ಲಿ ದನ ಇಲ್ಲ, ಆದರೂ ಅಂತ ಅಲ್ವಾ ಅವನು ಶುರು ಮಾಡೋದು. ಸಕಲೇಶಪುರದ ಕಡೆ ಅಕ್ಕನ ಮನೆಯವರಿಗೆ ಸ್ವಲ್ಪ ಕಾಫಿ ಇದೆ. ಮಳೆ ಜಾಸ್ತಿಯಾಗಿ ಕಾಯಿ ಕೊಳೆತು ಉದುರಿ, ಮೆಣಸಿನ ಬಳ್ಳಿಯೂ ಹಳದಿಯಾದ ವರ್ಷ ಅಕ್ಕನಿಗೆ ಬೇಕಾಗಿದ್ದು ಆ ಹದಿನೇಳನೇ ವಚನ. ಹದಿನೆಂಟು ಒಂದನ್ನೇ ಗೋಡೆ ಮೇಲೆ ಕಂಡರೆ ಅವಳಿಗೆ ಸಿಟ್ಟೇ ಬರುತ್ತಿತ್ತು.

ಮಕ್ಕಳು, ಆಸ್ತಿ, ಆರೋಗ್ಯ ಎಲ್ಲಾ ಕಳೆದುಕೊಂಡ ಯೋಬನ ಕಥೆ ಹೇಳುವ ಪುಸ್ತಕ ಸತ್ಯವೇದದಲ್ಲಿದೆ, 42 ಅಧ್ಯಾಯ. ಅದರಲ್ಲಿ ಬಹುಪಾಲು ಯೋಬನ ಗೋಳು, ನಿನ್ನ ತಪ್ಪಿನಿಂದಲೇ ಹೀಗಾಯ್ತು ಅನ್ನುವ ಸ್ನೇಹಿತರ ಉಪದೇಶ. ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ಕೊನೆಗೆ ದೇವರು ಸಿಟ್ಟಾಗುವುದು ಆ ಸ್ನೇಹಿತರ ಮೇಲೆ, ನನ್ನ ಸೇವಕ ಯೋಬ ಆಡಿದ ಹಾಗೆ ನೀವು ಸರಿಯಾಗಿ ಆಡಲಿಲ್ಲ ಅಂತ. ನಮ್ಮ ಮನೆಗೂ ಪ್ರಾರ್ಥನೆಗೆ ಬಂದವರೊಬ್ಬರು "ವಿಶ್ವಾಸ ಇನ್ನೂ ಗಟ್ಟಿಯಾಗಬೇಕಮ್ಮಾ" ಅಂದು ಟೀ ಕುಡಿದು ಹೋದರು. ಅಮ್ಮ ಏನೂ ಅನ್ನಲಿಲ್ಲ. ಸಂಜೆ ಸತ್ಯವೇದದ 88ನೇ ಕೀರ್ತನೆ ಓದಿಸಿಕೊಂಡರು. ಅದು ಕತ್ತಲೆ ಅನ್ನುವ ಮಾತಿನಲ್ಲೇ ಮುಗಿಯುತ್ತೆ, ಕೊನೆಗೆ ಸ್ತೋತ್ರ, ಹಲ್ಲೆಲೂಯ ಏನೂ ಇಲ್ಲ. ಆದರೂ ಪೂರ್ತಿ ದೇವರಿಗೇ ಹೇಳಿದ್ದು, ಬೆನ್ನು ತಿರುಗಿಸಿ ಹೋಗಿಲ್ಲ. ಅಮ್ಮ ಇಷ್ಟು ತಿಂಗಳು ಹಿಡಿದುಕೊಂಡಿರುವುದು ಇದನ್ನೇ, ನಾನು ನೋಡಿದ ಮಟ್ಟಿಗೆ. ಕ್ಯಾಲೆಂಡರಿನಲ್ಲಿ ಈ ಕೀರ್ತನೆಗೆ ಒಂದು ದಿನವೂ ಸಿಕ್ಕಿಲ್ಲ.

ಪ್ರಕಾಶಕರಿಗೆ ಒಂದು ಸಲಹೆ. ಹಾಳೆಯ ಹಿಂಬದಿ ಸುಮ್ನೆ ಖಾಲಿ ಬಿಟ್ಟಿದ್ದೀರಿ. ಅಲ್ಲಿ ಹಿಂದುಮುಂದಿನ ನಾಲ್ಕು ವಚನ ಅಚ್ಚು ಹಾಕಿ, 20 ರೂಪಾಯಿ ಜಾಸ್ತಿ ತಗೊಳ್ಳಿ, ಕೊಡ್ತೀವಿ. ಅಧ್ಯಾಯದ ಸಂಖ್ಯೆಯನ್ನೂ ಸ್ವಲ್ಪ ದೊಡ್ಡದು ಮಾಡಿ, ಸತ್ಯವೇದ ತೆಗೆದು ಹುಡುಕಬೇಕು ಅನ್ನುವವರಿಗೆ ಅದೇ ಕಾಣಿಸುವುದಿಲ್ಲ.

ಐದಕ್ಕೆ ಮೂರು ಕೊಡ್ತೀನಿ. ಅಕ್ಷರಕ್ಕೆ, ಕಾಗದಕ್ಕೆ ಪೂರ್ತಿ ಅಂಕ. ಕೊಳ್ಳುವವರು ಡಿಸೆಂಬರ್ ಮೊದಲ ವಾರವೇ ತಗೊಳ್ಳಿ, ಕ್ರಿಸ್‌ಮಸ್ ಹತ್ತಿರ ಬಂದರೆ ದೊಡ್ಡ ಅಕ್ಷರದ್ದು ಖಾಲಿಯಾಗಿ ಸಣ್ಣದು ಮಾತ್ರ ಉಳಿದಿರುತ್ತದೆ.