ತಲಿಗೆ ಪೆಟ್ಟಾದ ಅಣ್ಣ: ಮನಿ, ಸೆಂಟರ್, ಓಪಿಡಿ, ಊರು, ನಾಕೂ ಮಾಡಿ ನೋಡಿದ್ವಿ

ಹೋದ ವರ್ಷ ಜೂನ್‌ದಾಗ ನಮ್ಮ ಅಣ್ಣ ಪುಣೆದಾಗ ನವಲೆ ಬ್ರಿಜ್ ಹತ್ರ ಗಾಡಿ ಮ್ಯಾಲಿಂದ ಬಿದ್ದ. ಹೆಲ್ಮೆಟ್ ಹ್ಯಾಂಡಲ್‌ಗೆ ಹಾಕಿದ್ದ, ತಲಿ ಮ್ಯಾಲ ಇರಲಿಲ್ಲ. ಆಸ್ಪತ್ರ್ಯಾಗ ಜಿಸಿಎಸ್, ಅಂದ್ರ ಎಚ್ಚರ ಎಷ್ಟೈತಿ ಅಂತ ಅಳಿಯೂ ಅಂಕಿ, 7 ಅಂತ ಬರದ್ರು. ಆ ಅಂಕಿ 3ರಿಂದ 15ರ ತನಕ ಇರ್ತೈತಿ, 8 ಇಲ್ಲಾ ಅದಕಿಂತ ಕೆಳಗ ಅಂದ್ರ ಪೆಟ್ಟು ಭಾರಿ ಅಂತ ಲೆಕ್ಕ. ಮೆದುಳು ಬಾತಿತ್ತು, ಅದಕ್ಕ ಜಾಗಾ ಮಾಡ್ಲಿಕ್ಕೆ ಅವತ್ತ ರಾತ್ರಿನೇ ಆಪರೇಶನ್ ಮಾಡಿ ಎಡಗಡೆ ತಲಿ ಎಲುಬು ತಗದು ಹೊಟ್ಟಿ ಚರ್ಮದ ಕೆಳಗ ಇಟ್ರು. ಇದನ್ನ ಅವ್ವಗ ತಿಳಿಸಿ ಹೇಳೂದ್ರಾಗ ನಂಗ ಸಾಕಾಗಿತ್ತು, ಆಕಿ ಅಣ್ಣನ ಹೊಟ್ಟಿ ಮುಟ್ಟಿ ನೋಡಿ ಕೈ ಹಿಂದಕ್ಕ ತಗೊಂಡ್ಲು.

26 ದಿನಕ್ಕ ಡಿಸ್ಚಾರ್ಜ್ ಅಂದ್ರು. ಬಲಗೈ ಬಲಗಾಲು ಸೋತಿದ್ವು, ಮೂಗಿನ್ಯಾಗ ಟ್ಯೂಬ್ ಇತ್ತು, ಮಾತು ಇರಲಿಲ್ಲ. ಇನ್ನ ಮುಂದ ಎಲ್ಲಿ ಇಡೂದು ಅಂತ ವೈನಿ ನನ್ನ ಮಾರಿ ನೋಡ್ತಾರ, ನಾ ಅವ್ರ ಮಾರಿ ನೋಡ್ತೀನಿ. ಈಗ ನಮ್ಮ ಬಳಗದಾಗ ಇನ್ನೊಬ್ರ ಮನ್ಯಾಗ ಹಿಂಗಾಗಿ, ಅವ್ರೂ ಅದನ್ನ ಕೇಳ್ಲಿಕತ್ತಾರ, ಮನಿ ಚಲೋನೋ, ಥೆರಪಿ ಕೊಟ್ಟು ಚೇತರಿಸೂ ರಿಹ್ಯಾಬ್ ಸೆಂಟರ್ ಚಲೋನೋ ಅಂತ. 14 ತಿಂಗಳದಾಗ ನಾವು ನಾಕು ಥರ ಮಾಡಿ ನೋಡೇವಿ, ಅದನ್ನ ಇದ್ದಂಗ ಬರೀತೀನಿ.

ಮೊದಲು ಸೀದಾ ಮನಿಗೆ ಕರ್ಕೊಂಡ ಬಂದ್ವಿ, ಪುಣೆದಾಗಿನ ಧಾಯರಿಗೆ. ಬಾಡಿಗಿ ಮಂಚ, ಏರ್ ಬೆಡ್, ಪೇಶಂಟ್ ನೋಡ್ಕೊಳ್ಳೋ ಮಂದಿನ್ನ ಕಳಸೂ ಬ್ಯೂರೋದಿಂದ ಒಬ್ಬ ಮಾಮಾ. ಪುಣೆದಾಗ ಪೇಶಂಟ್ ನೋಡ್ಕೊಳ್ಳೋ ಗಂಡಸ್ರಿಗೆ ಮಾಮಾ ಅಂತಾರ, ಹೆಂಗಸ್ರಿಗೆ ಮಾವಶಿ. 24 ತಾಸಿಗೆ ದಿನಕ್ಕ 1,400 ರೂಪಾಯಿ ಬಿತ್ತು. ಆ ಮನಷಾ ಕೆಲಸದಾಗ ಭಾಳ ಚೊಕ್ಕ, ಎರಡು ತಾಸಿಗೊಮ್ಮೆ ಮಗ್ಗಲ ಬದಲ ಮಾಡ್ತಿದ್ದ, ಮೈ ಒರಸಿ ಪೌಡರ್ ಹಾಕಿ ಕೂದಲ ಬಾಚಿ ಇಡ್ತಿದ್ದ, ಅಣ್ಣನ ಬೆನ್ನಿಗೆ ಒಂದು ಹುಣ್ಣು ಸೈತ ಆಗ್ಲಿಲ್ಲ, ಅದಕ್ಕ ಅವಂಗ ಎಷ್ಟು ಉಪಕಾರ ಹೇಳಿದ್ರೂ ಕಡಿಮಿನೇ. ಆದ್ರ ಎಲ್ಲಾನೂ ಅವನೇ ಮಾಡ್ತಿದ್ದ. ಅಣ್ಣನ ಎಡಗೈ ನೆಟ್ಟಗಿತ್ತು, ಆ ಕೈಗೂ ಒಂದು ಚಮಚಾ ಕೊಡ್ಲಿಲ್ಲ. ನಾವೂ ಕೊಡ್ಲಿಲ್ಲ, ಪಾಪ ದಣೀತಾನ ಅಂತ. ಫಿಸಿಯೋದವ್ರು ದಿನಾ 45 ನಿಮಿಷ ಬಂದು ಹೋಗ್ತಿದ್ರು, ಉಳಿದ ದಿನವೆಲ್ಲಾ ಮಂಚದ ಮ್ಯಾಲ, ಮುಂದ ಟಿವಿ ಹಚ್ಚಿ.

ಮೂರನೇ ವಾರ ಟ್ಯೂಬ್ ತಗದ್ರು. ನೆಟ್ಟಗ ಕುಂದ್ರಿಸಿ ಮಂದಗಿದ್ದದ್ದು ಅಷ್ಟ ಕೊಡ್ರಿ, ತೆಳ್ಳಗಿದ್ದದ್ದು ಬ್ಯಾಡ, ನುಂಗೂದು ಇನ್ನೂ ಸರಿಯಾಗಿಲ್ಲ ಅಂತ ಹೇಳಿದ್ರು. ಅದ ವಾರ ಬ್ಯೂರೋದವ್ರು ನಮಗ ತಿಳಿಸ್ದನೇ ಮಾಮಾನ್ನ ಬದಲಿ ಮಾಡಿದ್ರು, ಹೊಸಾಂವಗ ಯಾರೂ ಏನೂ ಹೇಳಿರಲಿಲ್ಲ, ಅಂವ ತಲಿಗೆ ದಿಂಬು ಕೊಟ್ಟು ಮಲಗಿಸಿದಲ್ಲೇ ಚಾ ಕುಡಿಸಿದ. ಕೆಮ್ಮು, ರಾತ್ರಿ ಜ್ವರ, ಎದಿಯೊಳಗ ಇನ್ಫೆಕ್ಷನ್, ಮತ್ತ ಐದು ದಿನ ಆಸ್ಪತ್ರಿ. ಚಾ ಗಂಟಲಿಂದ ಶ್ವಾಸದ ಕೊಳವಿಗೆ ಹೋಗಿತ್ತು. ಬ್ಯೂರೋದ ತಪ್ಪು ಹೌದು, ಆದ್ರ ಮಂಚದ ಮ್ಯಾಲ ಗ್ವಾಡಿಗೆ ಒಂದು ಚೀಟಿ ಅಂಟಿಸಿದ್ರ ಆಗ್ತಿರಲಿಲ್ಲ ಅಂತ ನಂಗ ಇವತ್ತೂ ಅನಸ್ತೈತಿ.

ಅಲ್ಲಿಂದ ಸೆಂಟರ್‌ಗೆ ಹಾಕಿದ್ವಿ, ಆರು ವಾರ. ಮೊದಲನೇ ದಿನಾನೇ ಫರಕ್ ಗೊತ್ತಾತು. ಮುಂಜಾನೆ ಮಲಗಿದಲ್ಲಿಂದ ನೆಟ್ಟಗ ಏಳೂ ಟಿಲ್ಟ್ ಟೇಬಲ್‌ಗೆ ಬೆಲ್ಟ್ ಕಟ್ಟಿ ಸಾವಕಾಶ ನಿಂದ್ರಿಸ್ತಿದ್ರು, ಆಮ್ಯಾಲ ಕೈ ಕೆಲಸ, ಮಧ್ಯಾಹ್ನ ಮಾತು, ಸಂಜಿಕೆ ಮತ್ತ ಫಿಸಿಯೋ. ತಲ್ಯಾಗ ಎಲುಬಿಲ್ಲದ ಜಾಗಾ ಅಲ್ಲಾ, ಎಬ್ಬಿಸಿ ನಿಂದ್ರಿಸೂ ಮೊದಲ ಹೆಲ್ಮೆಟ್ ಹಾಕಿಸೋರು, ಮನ್ಯಾಗ ನಾವು ಅದನ್ನ ಕಪಾಟದಾಗ ಇಟ್ಟಿದ್ವಿ. ಒಂದಿನ ನಾ ಬಾಗಲದಾಗ ನಿಂತು ನೋಡಿದ್ದು: ಥೆರಪಿ ಹುಡುಗಿ ಒಂದು ಅಂಗಿ ಮುಂದ ಇಟ್ಟು ತನ್ನ ಎರಡೂ ಕೈ ತೊಡಿ ಕೆಳಗ ಇಟ್ಕೊಂಡು ಕುಂತಾಳ. ಸೋತ ಕೈ ಮೊದಲ ತೋಳಿನ್ಯಾಗ, ಆಮ್ಯಾಲ ಚಲೋ ಕೈ, ತಗಿಯೂವಾಗ ಉಲ್ಟಾ, ಇಷ್ಟ ಆಕಿ ಹೇಳಿದ್ದು. ಅಣ್ಣ ಎಡಗೈಲೇ ಗುಂಡಿ ಹಿಡೀತಾನ, ಜಾರ್ತೈತಿ, ಮತ್ತ ಹಿಡೀತಾನ, ಹಣಿ ಮ್ಯಾಲ ಬೆವರು. ನಾ ಒಳಗ ಹೋಗಿ ಹಾಕಿಬಿಡ್ಲ್ಯಾ ಅನ್ನೂವಷ್ಟು ಕಾಲು ಮುಂದ ಬಂದಿದ್ವು. 11 ನಿಮಿಷ ಹಿಡೀತು, ಒಂದು ಗುಂಡಿ ಆತು. ಮನ್ಯಾಗ ಹಿಂದಿನ ಅಷ್ಟೂ ದಿನ ಅಂಗಿ ನಾವೇ ಹಾಕಿದ್ವಿ ಅನ್ನೂದು ಅವಾಗ ಎದಿಗೆ ಬಡೀತು.

ಆದ್ರ ಸೆಂಟರ್‌ದಾಗ ಮಾತು ಮಾತ್ರ ಹಿಂದ ಬಿತ್ತು. ಚಿತ್ರದ ಕಾರ್ಡ್ ತೋರಿಸಿ ಮರಾಠಿಯೊಳಗ ಕೇಳೋರು. ಅಣ್ಣ 18 ವರ್ಷ ಮರಾಠಿ ಮಂದಿ ಜೊತಿನೇ ವರ್ಕ್‌ಶಾಪ್‌ದಾಗ ದುಡದಾಂವ, ನಮಗಿಂತ ಚಲೋ ಮಾತಾಡ್ತಿದ್ದ. ಈಗ ಏನ ತೋರಿಸಿದ್ರೂ "ಚಾವಿ" ಅಂತಿದ್ದ. ನೀರಿಗೂ ಚಾವಿ, ವೈನಿಗೂ ಚಾವಿ. ತಪ್ಪು ಅಂತ ಅವಂಗ ಗೊತ್ತಾಗ್ತಿತ್ತು, ಅದಕ್ಕ ಅಳ್ತಿದ್ದ. ಒಂದು ರವಿವಾರ ಅವ್ವ ಮಗ್ಗಲದಾಗ ಕುಂತು ಸುಮ್ನ ಮಗ್ಗಿ ಅನ್ಲಿಕತ್ಲು, ಎರಡೊಂದ್ಲೆ ಎರಡು, ಎರಡೆರಡ್ಲೆ ನಾಕು, ಅಂವ ದನಿ ಕೂಡಿಸಿದ, ಎರಡ ಹತ್ಲೆ ಇಪ್ಪತ್ತರ ತನಕ ಒಂದೂ ತಪ್ಪಲಿಲ್ಲ. ಸ್ಪೀಚ್ ಥೆರಪಿಯವ್ರಿಗೆ ಹೇಳಿದ್ರ ಅವ್ರಿಗೇನ ಆಶ್ಚರ್ಯ ಆಗ್ಲಿಲ್ಲ, ಬಾಯಿಪಾಠ ಆದದ್ದು, ಎಣಿಸೂದು, ಪ್ರಾರ್ಥನಾ, ಇವು ಎಷ್ಟೋ ಮಂದಿಗೆ ಮೊದಲ ಬರ್ತಾವ, ಮನಿ ಭಾಷಾದಾಗ ಒಂದು ಪಟ್ಟಿ ಮಾಡಿ ಕೊಡ್ರಿ ಅಂದ್ರು. 40 ಶಬ್ದ ಬರದ್ವಿ, ನೀರು, ಚಾ, ರೊಟ್ಟಿ, ಪಲ್ಯಾ, ಸಾಕು, ಬ್ಯಾಡ, ನೋವು, ಮಗಳ ಹೆಸರು. ಈ ಒಂದು ವಿಷಯದಾಗ ಮನಿ ಗೆದ್ದಿತು, ಯಾಕಂದ್ರ "ಸಾಕು" ಅನ್ನೂದು ಕಾರ್ಡ್ ನೋಡಿ ಬರ್ಲಿಲ್ಲ, ತಾಟಿಗೆ ಮೂರನೇ ರೊಟ್ಟಿ ಹಾಕ್ಲಿಕ್ಕೆ ಹೋದಾಗ ಬಂತು.

ಆರು ವಾರಕ್ಕ 1 ಲಕ್ಷ 70 ಸಾವಿರ ಆತು. ಪಾಲಿಸಿಯವ್ರು ಆಪರೇಶನ್ ದುಡ್ಡು ಕೊಟ್ರು, ಇದನ್ನ ಕೊಡ್ಲಿಲ್ಲ. ಹಂಗಾಗಿ ಮೊದಲ ಪಾಲಿಸಿಯವ್ರನ್ನ ಕೇಳ್ಕೊಂಡು ಆಮ್ಯಾಲ ಅಡ್ಮಿಟ್ ಮಾಡ್ರಿ.

ಮುಂದ ದುಡ್ಡು ಉಳಸ್ಲಿಕ್ಕೆ ಮನ್ಯಾಗ ಇಟ್ಟು ದಿನಾ ಓಪಿಡಿಗೆ (ಅಡ್ಮಿಟ್ ಆಗದನೇ ಥೆರಪಿ ತಗೊಂಡು ಬರೂದು) ಕರ್ಕೊಂಡ ಹೋದ್ವಿ. ಇದು ನಮಗಂತೂ ಆಗಿಬರ್ಲಿಲ್ಲ. ಲಿಫ್ಟ್ ಇಲ್ಲದ ಎರಡನೇ ಮಜಲಿಂದ ಇಳಿಸೂದು, ರಿಕ್ಷಾ, ಸಿಂಹಗಡ ರೋಡಿನ ಟ್ರಾಫಿಕ್, ಹಾರ್ನ್, ಅಲ್ಲಿ ಹೋಗಿ ಮತ್ತ ಕಾಯೋದು, ಥೆರಪಿ ಶುರು ಆಗೂ ಹೊತ್ತಿಗೆ ಅಂವ ಖಾಲಿ. ಮನಿಗೆ ಬಂದು ನಾಕು ತಾಸು ನಿದ್ದಿ, ಎದ್ದ ಮ್ಯಾಲ ಸಿಟ್ಟು, ಒಂದಿನ ತಾಟು ಒಗದ, ಮಗಳು ಹೆದರಿ ಬಾತ್‌ರೂಮಿನ್ಯಾಗ ಹೋಗಿ ಕುಂತ್ಲು. ನಾವು ಸ್ವಭಾವನೇ ಬದಲಾತು ಅಂತ ಅಂಜಿದ್ವಿ. ಡಾಕ್ಟ್ರು ಮೂರು ಕಾರಣ ಹೇಳಿದ್ರು, ತಲಿ ಮುಂದಿನ ಭಾಗಕ್ಕ ಪೆಟ್ಟಾದ್ರ ಸಿಟ್ಟು ತಡಕೊಳ್ಳೋ ಶಕ್ತಿ ಕಡಿಮಿ ಆಗ್ತೈತಿ, ಮೆದುಳು ದಣಿದ್ರ ಅದು ಇನ್ನೂ ಹೆಚ್ಚು, ಮತ್ತ ಫಿಟ್ಸ್ ಬರಬಾರ್ದಂತ ಕೊಡೋ ಲೆವೆಟಿರಾಸೆಟಮ್ ಗುಳಿಗಿನೂ ಕೆಲವ್ರಿಗೆ ಸಿಟ್ಟು ತರ್ತೈತಿ. ಗುಳಿಗಿ ನಾವಾಗೇ ನಿಲ್ಲಸ್ಲಿಲ್ಲ, ನೀವೂ ನಿಲ್ಲಸಬ್ಯಾಡ್ರಿ, ಒಮ್ಮೆಲೇ ಬಿಟ್ರ ಫಿಟ್ಸ್ ಬರೂ ಭಯ ಐತಿ, ಅವ್ರೇ ಸಾವಕಾಶ ಬದಲ ಮಾಡಿಕೊಟ್ರು. ಓಪಿಡಿ ವಾರಕ್ಕ ಎರಡು ದಿನ, ಮುಂಜಾನೆ ಮೊದಲನೇ ನಂಬರ್ ಅಂತ ಮಾಡಿದ ಮ್ಯಾಲ ತಾಟು ಒಗಿಯೂದು ನಿಂತಿತು. ಸೆಂಟರ್ ಹತ್ರ, ನೆಲಮಜಲಿನ್ಯಾಗ ಇರೋರಿಗೆ ಓಪಿಡಿ ಚಲೋನೇ ಆಗಬಹುದು.

ಊರಿಗೆ ಕರ್ಕೊಂಡ ಬರ್ರಿ ಅಂತ ಎಲ್ಲಾರೂ ಗಂಟು ಬಿದ್ದಿದ್ರು. ಎಲುಬು ತಿರಗಿ ಕೂಡಿಸಿ ಹೊಲಿಗಿ ಮಾಯ್ದ ಮ್ಯಾಲ ಧಾರವಾಡ ಹತ್ರ ನಮ್ಮ ಹಳ್ಳ್ಯಾಗ 20 ದಿನ ಇದ್ವಿ. ಹೊಲದ ದಾರ್ಯಾಗ ದಿನಾ ಕೋಲು ಹಿಡಕೊಂಡು ನಡದ, ಅಷ್ಟು ದೂರ ಪುಣೆದಾಗ ಎಂದೂ ನಡದಿರಲಿಲ್ಲ. ಆದ್ರ ಮಾತಾಡ್ಸಲಿಕ್ಕೆ ಬರೂ ಮಂದಿ. ಒಬ್ಬೊಬ್ರೂ ಎದುರಿಗೆ ಕುಂತು "ನಾ ಯಾರ ಹೇಳು?" ಅಂತ ಕೇಳೋದು, ಅಂವ ಹೆಸರು ಹುಡುಕೂದು, ಸಿಗದಿದ್ರ ಅವ್ರು ಸೆರಗು ಕಣ್ಣಿಗೆ ಹಚ್ಚೂದು. ಪ್ರೀತಿಲೇ ಬರ್ತಾರ, ಗೊತ್ತೈತಿ. ಕೈ ಮುಗೀತೀನಿ, ಪರೀಕ್ಷಾ ತಗೋಬ್ಯಾಡ್ರಿ. "ನಾನೋ, ನಿಮ್ಮ ಕಾಕಾ ಬಂದೀನಿ" ಅಂತ ನೀವ ಮೊದಲ ಹೇಳ್ರಿ, ಒಬ್ಬೊಬ್ರ ಬರ್ರಿ, ಹತ್ತು ನಿಮಿಷ ಕುಂದ್ರಿ.

ನನ್ನ ಕೇಳಿದ್ರ, ಆಸ್ಪತ್ರಿಯಿಂದ ಸೀದಾ ಸೆಂಟರ್‌ಗೆ ಹೋಗ್ರಿ, ತಿಂಗಳೊಪ್ಪತ್ತು ಆದ್ರೂ ಸರಿ, ಮನ್ಯಾಗ ನೋಡ್ಕೊಳ್ಳೋರು ದಿನಾ ಅಲ್ಲಿ ನಿಂತು ನುಂಗಿಸೂದು, ಎಬ್ಬಿಸೂದು, ಅಂಗಿ ಹಾಕಿಸೂದು ಕಲೀರಿ, ಕಲೀಲಿಕ್ಕೆ ಬಿಡಂಗಿಲ್ಲ ಅನ್ನೂ ಸೆಂಟರ್ ಬ್ಯಾಡ. ಆಮ್ಯಾಲ ಮನಿ. ನಾವು ಇದನ್ನ ಹಿಂದ ಮುಂದ ಮಾಡಿದ್ವಿ.

ಇನ್ನೊಂದು, ಮಾಮಾನ್ನ ಯಾವ ಪಾಳಿಗೆ ಇಡೂದು ಅನ್ನೂದು. ಓಪಿಡಿ ಶುರು ಆದಾಗ 24 ತಾಸಿನದು ಬಿಟ್ಟು ಹಗಲು ಪಾಳಿ ಇಟ್ವಿ, 800 ರೂಪಾಯಿ, ಎಲ್ಲಾರೂ ಹಂಗ ಇಡ್ತಾರ. ರಾತ್ರಿ ವೈನಿನೇ ನೋಡೋರು. ಅಣ್ಣ ಎರಡು ಗಂಟೆಗೆ ಎದ್ದು ಡ್ಯೂಟಿಗೆ ಹೊತ್ತಾತು ಅಂತ ಚಪ್ಪಲಿ ಹುಡುಕ್ತಿದ್ದ, ಇವ್ರು ಬಾಗಲಿಗೆ ಅಡ್ಡ ಹಾಸ್ಕೊಂಡು ಮಲಗ್ತಿದ್ರು. ಎರಡು ತಿಂಗಳದಾಗ ಅವ್ರ ತೂಕ ಇಳೀತು, ಒಂದಿನ ಹಾಲು ಕಾಸ್ಲಿಕ್ಕೆ ಇಟ್ಟು ನಿಂತಲ್ಲೇ ನಿದ್ದಿ ಹೋಗಿದ್ರು. ಅವತ್ತು ಪಾಳಿ ಬದಲ ಮಾಡಿದ್ವಿ, ರಾತ್ರಿಗೆ ಮಾಮಾ, ಹಗಲಿಗೆ ನಾವು. ಹಗಲಿನ ಕೆಲಸ ಎಲ್ಲಾ ಅಣ್ಣನ ಕೈಲೇ ಮಾಡ್ಸೂವು, ಅದಕ್ಕ ಮನಿ ಮಂದಿನೇ ಬೇಕು, ಕಣ್ಣು ತುಂಬ ನಿದ್ದಿ ಆದ ಮಂದಿ. ಮೊದಲನೇ ರಾತ್ರಿ ವೈನಿ ಒಳಗಿನ ಖೋಲ್ಯಾಗ ಮಲಗಿದವ್ರು ಮುಂಜಾನೆ ಒಂಬತ್ತಕ್ಕ ಎದ್ರು. ಅಣ್ಣ ಅಷ್ಟೊತ್ತಿಗೆ ಮಾರಿ ತೊಳಕೊಂಡು ಕುಂತಿದ್ದ, ಅವ್ರನ್ನ ನೋಡಿ "ಚಾ?" ಅಂದ.